ನೀರು ಹಾಕಬಾರದ ನೆಲ

ಸಿಂಧನೂರಿನಲ್ಲಿ ಮನೆಯ ಗ್ಯಾರೇಜಿನ ನೆಲಕ್ಕೆ ಗಾಜಿನಂತೆ ಹೊಳೆಯುವ ಎಪಾಕ್ಸಿ ಹಾಕಿಸಿದವರಲ್ಲಿ ಹುಲಿಗೇಶನೇ ಮೊದಲಿಗ ಎಂದು ನಾನು ಹೋದಲ್ಲೆಲ್ಲ ಹೇಳುತ್ತಿದ್ದೆ. ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ಹೇಳಿದರೆ ಗಿರಾಕಿಗೂ ಖುಷಿ, ನನಗೂ ಖುಷಿ. ಹುಲಿಗೇಶ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಎರಡು ವರ್ಷ ನಿಂತು ಕಟ್ಟಿಸಿದ ಮನೆಗೆ ಆಗಷ್ಟೇ ಹೊಕ್ಕಿದ್ದ. ಹದಿನೈದು ದಿನಕ್ಕೆ ಬಿಳಿ ಬಣ್ಣದ ಹೊಸ ಕಾರು ಬರುವುದಿತ್ತು. ಅದು ನಿಲ್ಲುವ ನೆಲದಲ್ಲಿ ಮುಖ ಕಾಣಬೇಕು ಅನ್ನುವುದೊಂದೇ ಅವನ ಹಟ.

ನಾನು ಆಸೀಮ್, ಲಿಂಗಸುಗೂರಿನವನು. ಹೈದರಾಬಾದಿನ ಔಷಧಿ ಫ್ಯಾಕ್ಟರಿಗಳಲ್ಲಿ ಹನ್ನೊಂದು ವರ್ಷ ನೆಲ ಮಾಡಿ, ಮೊಣಕಾಲು ಸವೆಸಿಕೊಂಡು, ಊರಿಗೆ ಬಂದು ಸ್ವಂತ ಕೆಲಸ ಹಿಡಿದವನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನೇನೂ ಮುಚ್ಚಿಡುವುದಿಲ್ಲ. ನಮ್ಮ ಕಡೆಯ ಮಂದಿ ನನ್ನನ್ನು ನೋಡಿದ ಕೂಡಲೇ "ಪೇಂಟ್ ಹಚ್ಚಾಂವ ಬಂದಾನ" ಅನ್ನುತ್ತಾರೆ. ಪೇಂಟ್ ಅಲ್ಲರೀ ಅದು. ಎರಡು ಡಬ್ಬಿ ಇರುತ್ತವೆ, ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ರಸಾಯನ. ಎರಡನ್ನೂ ಕೂಡಿಸಿ ತಿರುವಿದ ಗಳಿಗೆಯಿಂದಲೇ ಅದು ಬಿಸಿಯಾಗತೊಡಗುತ್ತದೆ. ಸಿಂಧನೂರಿನ ಬಿಸಿಲಿಗೆ ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ಅಷ್ಟರೊಳಗೆ ಸುರಿದು, ಎಳೆದು, ಮುಳ್ಳಿನ ರೋಲರ್ ಹೊಡೆದು ಗುಳ್ಳೆ ಒಡೆಯಬೇಕು. ಆಗ ಯಾರಾದರೂ ಮಾತಾಡಿಸಲು ಬಂದರೆ ನಾನು ಮನುಷ್ಯನಂತೆ ಉತ್ತರ ಕೊಡುವುದಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಲಾಲ್‌ಬೀ ಬಂದು ಬಾಗಿಲಲ್ಲಿ ನಿಂತಳು.

ಲಾಲ್‌ಬೀ ಆ ಮನೆಯ ಕಾವಲಿನ ಮುದುಕಿ. ಸಂತೆಕಲ್ಲೂರಿನವಳು, ಗಂಡ ತೀರಿಕೊಂಡವಳು, ಮಕ್ಕಳಿಲ್ಲದವಳು. ಪಾಯ ತೋಡಿದ ದಿನದಿಂದ ತಗಡಿನ ಶೆಡ್ಡಿನಲ್ಲಿದ್ದು ಕಾವಲು ಕಾಯ್ದಳು, ಕ್ಯೂರಿಂಗ್ ಮಾಡಿದಳು. ಕ್ಯೂರಿಂಗ್ ಅಂದರೆ ಎಲ್ಲರಿಗೂ ಗೊತ್ತು. ಹೊಸ ಸಿಮೆಂಟಿಗೆ ಹಸಿ ಚೀಲ ಹೊದಿಸಿ ದಿನಕ್ಕೆ ಮೂರು ಹೊತ್ತು ನೀರು ಹೊಡೆಯಬೇಕು, ಇಲ್ಲದಿದ್ದರೆ ಸೀಳು ಬಿಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಈ ಕೆಲಸಕ್ಕೆ ನಿಯತ್ತಿನ ಮಂದಿ ಸಿಗುವುದಿಲ್ಲ. ನೀರು ಹೊಡೆದೆ ಎಂದು ಹೇಳಿ ನೆರಳಲ್ಲಿ ಮಲಗುವವರೇ ಹೆಚ್ಚು. ಲಾಲ್‌ಬೀ ಹಾಗಲ್ಲ. ಆ ಇಡೀ ಮನೆಯಲ್ಲಿ ಕೂದಲೆಳೆಯಷ್ಟು ಸೀಳು ಇಲ್ಲವೆಂದು ಗೌಂಡಿಗಳೇ ಹೇಳಿಕೊಂಡು ತಿರುಗುತ್ತಿದ್ದರು. ಅದಕ್ಕೇ ಗೃಹಪ್ರವೇಶದ ದಿನ ಹುಲಿಗೇಶ ಊಟದ ಪಂಕ್ತಿಯ ಎದುರಿಗೆ ಆಕೆಯನ್ನು ಕರೆದು, ಗ್ಯಾರೇಜಿನ ಪಕ್ಕದ ಕೋಣೆ ಬದುಕಿರುವ ತನಕ ನಿನ್ನದೇ ಎಂದು ಮಾತು ಕೊಟ್ಟಿದ್ದ. ಆಕೆ ಅಲ್ಲಿ ಒಂದು ಟ್ರಂಕು, ಒಂದು ಮಂಚ ಇಟ್ಟುಕೊಂಡು ಬಾಗಿಲಿಗೆ ಹಸಿರು ಪರದೆ ಕಟ್ಟಿದ್ದಳು. ಅರವತ್ತು ದಾಟಿದ ಮೇಲೆ ಮೊದಲ ಸಲ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ ಸಿಕ್ಕಿದೆ ಎಂದು ನನಗೆ ಹೇಳಿದ್ದಳು.

ಬಾಗಿಲಲ್ಲಿ ನಿಂತವಳು ನೆಲ ನೋಡಿ ಕಣ್ಣರಳಿಸಿದಳು.

"ಯಾ ಅಲ್ಲಾ, ಕೆರಿ ನೀರು ನಿಂತಂಗ ಕಾಣತೈತಿ! ಬೇಟಾ, ಇದಕ್ಕ ನೀರು ಯಾವಾಗ ಹೊಡೀಬೇಕು?"

ಬಕೆಟ್ಟಿನ ಬುಡ ಕೈಗೆ ಸುಡುತ್ತಿತ್ತು. ಎರಡನೇ ಸಲ ಕಲಸಿದ್ದು ಆಗಲೇ ಗಟ್ಟಿಯಾಗುತ್ತ ಬಂದಿತ್ತು. "ಬಾಗಿಲ ಬಿಟ್ಟು ನಡಿ ಖಾಲಾ! ಧೂಳು ಎಬ್ಬಸಬ್ಯಾಡ, ನಡಿ!" ಎಂದು ಒದರಿದೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಕೆಲಸಗಾರರ ಬೈಗುಳ ಆಕೆಗೆ ಹೊಸದೇನಲ್ಲ. ಸೆರಗು ಬಾಯಿಗೆ ಹಿಡಿದು ಸರಿದು ಹೋದಳು.

ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯಿತು. ವಾಸನೆ ತಡೆಯಲಾರದೆ ಹುಲಿಗೇಶ ಹೆಂಡತಿ ಭಾರತಿಯನ್ನು ಕರೆದುಕೊಂಡು ಒಂದು ರಾತ್ರಿಯ ಮಟ್ಟಿಗೆ ಮಸ್ಕಿಗೆ, ಆಕೆಯ ತವರಿಗೆ ಹೊರಟಿದ್ದ. ಅವರ ಹಳೆಯ ಕಾರಿನ ಕಿಟಕಿ ಹಿಡಿದು ನಾನು ಪಾಠ ಒಪ್ಪಿಸಿದೆ. ನಾಳೆ ತನಕ ಯಾರೂ ತುಳಿಯಬಾರದು, ಏಳು ದಿನ ಒಂದು ಹನಿ ನೀರು ಬೀಳಬಾರದು, ಹತ್ತು ದಿನ ಗಾಡಿ ನಿಲ್ಲಿಸಬಾರದು. ಅವರು ತಲೆಯಾಡಿಸಿ ಹೋದರು.

ನಲ್ಲಿಯ ಹತ್ತಿರ ಕೈ ತೊಳೆಯುವಾಗ ಲಾಲ್‌ಬೀ ನನಗೂ ನನ್ನ ಜೊತೆಗಾರ ಶಾವಲಿಗೂ ಚಹಾ ತಂದುಕೊಟ್ಟಳು. ಶಾವಲಿ ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ. ಈಕೆಗೂ ಒಂದು ಮಾತು ಹೇಳಬೇಕು ಎಂದು ನನಗೆ ಆಗ ಹೊಳೆದದ್ದು ನಿಜ. ಅಷ್ಟರಲ್ಲಿ ಫೋನ್ ಬಂತು. ಮಾಡಿದ್ದು ಭಾರತಿಯ ಅಣ್ಣ ರಾಜೇಶ, ಮಸ್ಕಿಯಲ್ಲಿ ಆಸ್ಪತ್ರೆ ಕಟ್ಟಿಸುತ್ತಿದ್ದ ಡಾಕ್ಟರು. ನಾಳೆ ಸಿಂಧನೂರಿಗೆ ಬಂದು ನಿಮ್ಮ ನೆಲ ನೋಡುತ್ತೇನೆ, ಹಿಡಿಸಿದರೆ ಆಪರೇಷನ್ ಕೋಣೆಗಳ ಕೆಲಸ ನಿಮಗೇ ಅಂದರು. ನನಗೆ ಕಾಲು ನೆಲಕ್ಕೆ ತಾಗಲಿಲ್ಲ. ಲೋಟ ಅಲ್ಲೇ ಕಟ್ಟೆಯ ಮೇಲಿಟ್ಟು ಗಾಡಿ ಹತ್ತಿದೆ.

ಮರುದಿನ ಎಂಟಕ್ಕೆ ನಾವು ಬಂದಾಗ ಲಾಲ್‌ಬೀ ಗೇಟು ತೆಗೆದಳು. ಸೀರೆ ಮೊಣಕಾಲಿಗೆ ಕಟ್ಟಿದ್ದಳು, ಕೈಯಲ್ಲಿ ಪೈಪಿತ್ತು, ಮುಖದ ತುಂಬ ನಗು.

"ಸಂಜಿಗೊಮ್ಮೆ, ರಾತ್ರಿಗೊಮ್ಮೆ, ಈಗೊಮ್ಮೆ, ಮೂರು ಸಲ ಹೊಡದೀನಿ ಬೇಟಾ. ನೀ ಹೇಳಾಕ ಮರತು ಹೋದಿ. ನಾ ಮರೀಲಿಲ್ಲ."

ನಾನು ಗ್ಯಾರೇಜಿಗೆ ಓಡಿದೆ. ಹದಿನೆಂಟು ಗೋಣಿಚೀಲಗಳನ್ನು ಅಂಚಿಗೆ ಅಂಚು ಕೂಡಿಸಿ, ಮದುವೆ ಮನೆಗೆ ಜಮಖಾನೆ ಹಾಸಿದ ಹಾಗೆ ನೀಟಾಗಿ ಹಾಸಿದ್ದಳು. ಒಂದನ್ನು ಹಿಡಿದು ಎಳೆದೆ. ಚೀಲ ಹರಿಯಿತು, ನಾರು ನೆಲದಲ್ಲೇ ಉಳಿಯಿತು. ಎಪಾಕ್ಸಿ ಇನ್ನೂ ಹಸಿಯಿದ್ದಾಗಲೇ ಸೆಣಬು ಒಳಗೆ ಇಳಿದು ಕಚ್ಚಿಕೊಂಡಿತ್ತು. ಚೀಲಗಳ ಸಂದಿಯಲ್ಲಿ ನೀರು ಕೂತಲ್ಲೆಲ್ಲ ನೆಲ ಹಾಲು ಒಡೆದಂತೆ ಬೆಳ್ಳಗಾಗಿತ್ತು.

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಾಯಿಯ ವಯಸ್ಸಿನವಳಿಗೆ ಆಡುವ ಮಾತುಗಳಲ್ಲ. ಆಕೆ ಮೊದಲು ತಿಳಿಯದೆ ನಿಂತಳು, ಆಮೇಲೆ ಕೂತು ಉಗುರಿನಿಂದ ಸೆಣಬು ಕೀಳತೊಡಗಿದಳು. ಒಂದು ಉಗುರು ಮುರಿದು ರಕ್ತ ಬಂತು. ಕೀಳುವುದನ್ನು ನಿಲ್ಲಿಸಲಿಲ್ಲ. ಶಾವಲಿ ನನ್ನನ್ನು ಪಕ್ಕಕ್ಕೆ ಎಳೆದ.

"ಆಕಿಗೆ ನಾವು ಹೇಳಿಲ್ಲ ಆಸೀಮ್. ತಪ್ಪು ನಮ್ದು. ಸಾವ್ಕಾರ ಬರಲಿ, ಇದ್ದದ್ದು ಇದ್ದಂಗ ಹೇಳಿ, ಅರದು ಮತ್ತ ಮಾಡಿಕೊಡೂಣು."

"ನೀ ಬಾಯಿ ಮುಚ್ಕೊಂಡಿರು," ಅಂದೆ.

ಹತ್ತರ ಹೊತ್ತಿಗೆ ಕಾರು ಬಂತು. ಹುಲಿಗೇಶ, ಭಾರತಿ, ಹಿಂದಿನ ಸೀಟಿನಿಂದ ಡಾಕ್ಟರ್ ರಾಜೇಶ. ಮೂವರೂ ಗ್ಯಾರೇಜಿನ ಬಾಗಿಲಲ್ಲಿ ಸಾಲಾಗಿ ನಿಂತರು. ಹುಲಿಗೇಶ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಬಹುಶಃ ನಾನೂ ಕೂಗಾಡಿ, ಆ ರಭಸದಲ್ಲಿ ನಿಜವೇ ಬಾಯಿಗೆ ಬರುತ್ತಿತ್ತೇನೋ. ಅವನು ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲಿ ಕೇಳಿದ.

"ಒಂದ ಮಾತು ಕೇಳ್ತೀನಿ ಆಸೀಮ್. ನೀರು ಹಾಕಬ್ಯಾಡ ಅಂತ ಈಕಿಗೆ ಹೇಳಿದ್ದಿಲ್ಲೋ?"

ಡಾಕ್ಟರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೇಳಿದ್ದೆರಿ," ಅಂದೆ. ಅಷ್ಟಕ್ಕೇ ಬಿಡಬಹುದಿತ್ತು. "ಎರಡು ಸಲ ಹೇಳಿದ್ದೆ."

ಆ ಎರಡು ಸಲ ಅನ್ನುವ ಮಾತನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ನಾನಾಗಿಯೇ ಸೇರಿಸಿದೆ. ಹುಲಿಗೇಶ ಶಾವಲಿಯ ಕಡೆ ತಿರುಗಿದ. ಶಾವಲಿ ನನ್ನ ಜೊತೆ ದುಡಿದು ಮೂರು ಹೆಣ್ಣುಮಕ್ಕಳನ್ನು ಸಾಕುವವನು. ಕಾಲಿನ ಹೆಬ್ಬೆರಳು ನೋಡುತ್ತ "ಹೌದ್ರಿ" ಅಂದ.

ಲಾಲ್‌ಬೀ ಎದ್ದು ನಿಂತಳು. ಸುಳ್ಳುಗಾರ ಎಂದು ಚೀರುತ್ತಾಳೆ, ಅಲ್ಲಾನ ಮೇಲೆ ಆಣೆ ಹಾಕುತ್ತಾಳೆ ಎಂದು ನಾನು ಮೈ ಗಟ್ಟಿ ಮಾಡಿಕೊಂಡಿದ್ದೆ. ಆಕೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಹೇಳಿದ್ದೇನು ಬೇಟಾ? ಯಾವಾಗ?"

"ಚಾ ಕುಡಿಯಾಕತ್ತಾಗ, ನಲ್ಲಿ ಹತ್ರ. ನೀ ಹೂಂ ಅಂದಿ."

ಆಕೆ ಹಣೆ ಗಂಟು ಹಾಕಿ ನಲ್ಲಿಯ ಕಡೆ ನೋಡಿದಳು, ಕಟ್ಟೆ ನೋಡಿದಳು, ತನ್ನ ಕೈ ನೋಡಿಕೊಂಡಳು. "ಚಾ ಕೊಟ್ಟಿದ್ದು ನೆನಪೈತಿ. ಹೂಂ ಅಂದಿರಬೇಕು. ನೀ ಯಾಕ ಸುಳ್ಳು ಹೇಳ್ತಿ," ಅಂದಳು.

ಹುಲಿಗೇಶ ತಲೆ ಕೊಡವಿದ. "ಹೋಗ್ಲಿ ಬಿಡ್ರಿ, ಪಾಪ, ವಯಸ್ಸಾದಾಕಿ, ತಿಳೀದ ಮಾಡ್ಯಾಳ," ಎಂದು ಭಾರತಿ ನಡುವೆ ಬಂದಳು.

"ತಿಳೀದ ಮಾಡಿದ್ರ ನಾ ಏನೂ ಅಂತಿದ್ದಿಲ್ಲ," ಅಂದ ಹುಲಿಗೇಶ. "ಹೇಳಿದ್ದು ಅರ್ಧ ದಿನದಾಗ ಮರತಾಳ. ಇಂಥಾಕಿ ಕೈಯಾಗ ಮನಿ ಕೀಲಿ ಹ್ಯಾಂಗ ಕೊಡ್ಲಿ? ಗ್ಯಾಸ್ ಹಚ್ಚಿ ಮರತ್ರ? ಗೇಟು ತೆಗದು ಮರತ್ರ? ನೆಲ ಹೋದ್ರ ಇನ್ನೊಂದು ನೆಲ. ಲಾಲ್‌ಬೀ, ಊರಾಗ ನಿನ್ನ ಅಣ್ಣನ ಮಗ ಅದಾನಲ್ಲ, ಅವನಿಗೆ ಫೋನ್ ಹಚ್ಚು. ಕೋಣಿ ಬಿಡಬೇಕಾಗತೈತಿ."

ಬೈದು ಬಿಡುತ್ತಾನೆ, ಹೆಚ್ಚೆಂದರೆ ಒಂದು ವಾರ ಮುಖ ಊದಿಸಿಕೊಂಡಿರುತ್ತಾನೆ ಎಂದು ನಾನು ಲೆಕ್ಕ ಹಾಕಿದ್ದೆ. ಕೋಣೆಯ ಮಾತು ಬರುತ್ತದೆಂದು ಅಂದುಕೊಂಡಿರಲಿಲ್ಲ. ಬಾಯಿ ಬಿಟ್ಟರೆ ಮುಗಿಯುತ್ತಿತ್ತು. ಆಗಲೇ ಡಾಕ್ಟರು ನನ್ನ ಹೆಗಲಿಗೆ ಕೈ ಹಾಕಿ, "ನಿಮ್ಮ ತಪ್ಪಿಲ್ಲಂದ್ರೂ ಮತ್ತ ಮಾಡಿಕೊಡ್ತೀರೇನು?" ಎಂದು ಕೇಳಿದರು. ಮಾಡಿಕೊಡುತ್ತೇನೆ ಅಂದೆ. "ಜಬಾಬ್ದಾರಿ ಇದ್ದ ಮನಷ್ಯಾ," ಎಂದು ಹುಲಿಗೇಶನಿಗೆ ಹೇಳಿದರು. ಅಷ್ಟು ಸಾಕಾಯಿತು ನನಗೆ, ಬಾಯಿ ಮುಚ್ಚಿಕೊಂಡೆ.

ನೆಲ ಅರೆಯಲು ಮೂರು ದಿನ ಹಿಡಿಯಿತು. ಸೆಣಬು ಯಂತ್ರದ ಹಲ್ಲಿಗೆ ಸುತ್ತಿಕೊಂಡು ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ಪ್ರತಿ ಸಲ ನಿಂತಾಗಲೂ ಲಾಲ್‌ಬೀ ಬಾಗಿಲಿಗೆ ಬರುತ್ತಿದ್ದಳು. ಅಣ್ಣನ ಮಗ ಹುಸೇನ್‌ಸಾಬ್ ಮೆಣಸಿನಕಾಯಿ ಲೋಡಿನ ಹಿಂದೆ ಬ್ಯಾಡಗಿಗೆ ಹೋಗಿದ್ದ, ಬರುವುದು ತಡವಿತ್ತು. ಅಲ್ಲಿಯವರೆಗೆ ಆಕೆಗೆ ಮಾಡಲು ಬೇರೆ ಕೆಲಸವಿರಲಿಲ್ಲ. ನೀರಿನ ಪೈಪು, ಕೀಲಿ ಎರಡನ್ನೂ ಭಾರತಿ ಒಳಗೆ ಇಟ್ಟುಕೊಂಡಿದ್ದಳು.

"ಪಾಯಕ್ಕ ಕಲ್ಲು ಬಿದ್ದಿದ್ದು ಬೇಸ್ತವಾರ," ಅಂದಳು ಮೊದಲ ದಿನ. "ಮೊದಲ್ನೇ ಸ್ಲ್ಯಾಬಿಗೆ ಮೂವತ್ತೆರಡು ಚೀಲ ಹಾಸಿದ್ದೆ. ಎರಡನೇದಕ್ಕ ನಲವತ್ತು. ಹನ್ನೊಂದು ದಿನ ಕರೆಂಟು ಇದ್ದಿಲ್ಲ, ಕಾಲುವಿಂದ ಕೊಡದಾಗ ತಂದು ಹೊಡದೆ. ಎಲ್ಲಾ ನೆನಪೈತಿ ಬೇಟಾ. ನೀ ಹೇಳಿದ್ದೊಂದ ನೆನಪಿಲ್ಲ. ಅದು ಹ್ಯಾಂಗ?"

"ವಯಸ್ಸಾದ ಮ್ಯಾಲೆ ಹಂಗ ಆಗತೈತಿ," ಎಂದು ಯಂತ್ರ ಚಾಲೂ ಮಾಡಿದೆ.

ನನಗೆ ಆಕೆಯ ಮೇಲೆ ಸಿಟ್ಟು ಬರುತ್ತಿತ್ತು. ನಾಚಿಕೆಗೆಟ್ಟ ಮಾತು, ಆದರೂ ನಿಜ. ಸುಮ್ಮನೆ ಅತ್ತುಕೊಂಡಿರಬಾರದೇ? ನನ್ನನ್ನು ಬೈಯಬಾರದೇ? ಹೀಗೆ ಬಂದು ಬಂದು ಕೇಳಿ ಯಾಕೆ ಪ್ರಾಣ ತಿನ್ನಬೇಕು? ಎರಡನೇ ದಿನ ಆಕೆ, "ಏನಂತ ಹೇಳಿದ್ದಿ, ಅದ ಮಾತು ಇನ್ನೊಮ್ಮೆ ಹೇಳು, ನೆನಪಾಗತೈತೇನು ನೋಡ್ತೀನಿ," ಎಂದು ಕೈ ಮುಗಿದಳು. ನನಗೆ ತಾಳ್ಮೆ ಕೆಟ್ಟಿತು. ಇದ್ದದ್ದು ಇಲ್ಲದ್ದೆಲ್ಲ ಸೇರಿಸಿ ಹೇಳಿಬಿಟ್ಟೆ.

"ಕೇಳು. ಖಾಲಾ, ಏಳು ದಿನ ಈ ನೆಲಕ್ಕ ಒಂದು ಹನಿ ನೀರು ಬೀಳಬಾರದು ಅಂದೆ. ನನ್ನ ಬಲಗೈಯಾಗ ಲೋಟ ಇತ್ತು. ನೀ ಸೆರಗಿಲೆ ಮುಖ ಒರಸಿಕೊಂಡು, ಹೂಂ ಬೇಟಾ ಅಂದಿ. ಸಾಕೇನು?"

ಆಕೆ ತುಟಿ ಅಲುಗಿಸುತ್ತ ಅದನ್ನೇ ಹೇಳಿಕೊಂಡಳು. ಏಳು ದಿನ. ಒಂದು ಹನಿ. ಬಲಗೈಯಾಗ ಲೋಟ. ಮದರಸಾದ ಹುಡುಗಿ ಪಾಠ ಬಾಯಿಪಾಠ ಮಾಡಿದ ಹಾಗೆ ಅಂಗಳದ ಉದ್ದಕ್ಕೂ ಹೇಳಿಕೊಂಡು ಓಡಾಡಿದಳು. ಶಾವಲಿ ಯಂತ್ರದ ಪ್ಲಗ್ ಕಿತ್ತ, ಕೈ ತೊಳೆದ, ಹೊಟ್ಟೆ ನೋವು ಎಂದು ಹೇಳಿ ಲಿಂಗಸುಗೂರಿನ ಬಸ್ ಹತ್ತಿದ. ಅವನು ಮತ್ತೆ ನನ್ನ ಕೆಲಸಕ್ಕೆ ಬರಲಿಲ್ಲ. ಈಗ ಯಾರದೋ ಟೈಲ್ಸ್ ಅಂಗಡಿಯಲ್ಲಿ ಹೊರೆ ಹೊರುತ್ತಾನಂತೆ.

ಮೂರನೇ ದಿನ ಬೆಳಿಗ್ಗೆ ನಾನು ಗಾಡಿಯಿಂದ ಇಳಿಯುವ ಮೊದಲೇ ಲಾಲ್‌ಬೀ ಓಡಿ ಬಂದಳು. ಮುಖ ಅರಳಿತ್ತು.

"ನೆನಪಾತು ಬೇಟಾ! ನಸುಕಿನ್ಯಾಗ ಫಜರ್ ನಮಾಜಿಗೆ ಕುಂತಾಗ ಕಣ್ಣ ಮುಂದ ಬಂತು. ನಾ ಮುಖ ಒರಸಿಕೊಂಡೆ, ನಿನ್ನ ಬಲಗೈಯಾಗ ಲೋಟ ಇತ್ತು, ನೀ ಒಂದು ಹನಿ ಬೀಳಬಾರದು ಅಂದಿ. ಖರೇ ಐತಿ. ನೀ ಹೇಳಿದ್ದಿ!"

ನಡೆಯದೇ ಇದ್ದದ್ದನ್ನು ಆಕೆ ಕಂಡಿದ್ದಳು. ಸಂತೋಷಪಡುತ್ತಿದ್ದಳು. ಕಳೆದುಹೋದ ಸಾಮಾನು ಸಿಕ್ಕವರ ಹಾಗೆ ನನ್ನ ಕೈ ಹಿಡಿದು ಅಲುಗಾಡಿಸಿದಳು. ಭಾರತಿಗೂ ಹೋಗಿ ಹೇಳಿ ಬಂದಳು, ತಪ್ಪು ನನ್ನದೇ, ಹುಡುಗ ಸರಿಯಾಗೇ ಹೇಳಿದ್ದ, ನನಗೆ ಈಗ ನೆನಪಾಯಿತು ಎಂದು. ಮಧ್ಯಾಹ್ನದ ಹೊತ್ತಿಗೆ ನಗು ಇಳಿದಿತ್ತು. ನೆನಪಾದರೆ ಏನು ಬಂತು, ಬೇಕಾದ ಹೊತ್ತಿಗೆ ಆಗಲಿಲ್ಲವಲ್ಲ ಎಂದು ಮೆಟ್ಟಿಲ ಮೇಲೆ ಕೂತಳು.

ಎರಡನೇ ಸಲದ ನೆಲ ಚೆನ್ನಾಗಿ ಬಂತು. ಮೊದಲಿನದಕ್ಕಿಂತ ಚೆನ್ನಾಗಿ. ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ನೀರು ಹಾಕಬಾರದು ಎಂದು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿದೆ. ಲಾಲ್‌ಬೀಗೆ ಓದಲು ಬರುವುದಿಲ್ಲ ಎಂದು ಹುಲಿಗೇಶ ನಕ್ಕ. ಹೇಗೂ ಆಕೆ ಇವತ್ತು ಹೋಗುತ್ತಾಳಲ್ಲ ಅಂದ. ಮಸ್ಕಿಯ ಆಸ್ಪತ್ರೆಯ ಕೆಲಸ ನನಗೇ ಆಯಿತು. ಸಂತೆಕಲ್ಲೂರು ಸ್ವಲ್ಪ ಸುತ್ತಾದರೂ ನಾನು ಊರಿಗೆ ಹೋಗುವ ಕಡೆಯೇ. ಬಿಟ್ಟು ಬರುತ್ತೇನೆ ಎಂದು ನಾನೇ ಹೇಳಿದೆ. ಪುಣ್ಯ ಕಟ್ಟಿಕೊಳ್ಳುವ ಆಸೆ ಅಂದರೂ ಸರಿ, ನಾನು ಅಲ್ಲ ಅನ್ನುವುದಿಲ್ಲ.

ಗಾಡಿಯ ಹಿಂದೆ ಖಾಲಿ ಡಬ್ಬಿಗಳ ನಡುವೆ ಆಕೆಯ ಟ್ರಂಕು, ಮಂಚ, ಮಡಿಸಿದ ಹಸಿರು ಪರದೆ. ಮಸ್ಕಿ ದಾಟಿದ ಮೇಲೆ ಆಕೆ ರಸ್ತೆಯ ಪಕ್ಕದ ಒಂದೊಂದನ್ನೂ ಬೆರಳು ಮಾಡಿ ಹೇಳತೊಡಗಿದಳು. ತೊಗರಿ ಹೊಲ ಇಂಥವರದು, ಆ ಬೇವಿನ ಮರದ ಕೆಳಗೆ ಹಿಂದೆ ಬಸ್ ನಿಲ್ಲುತ್ತಿತ್ತು. ಹೇಳಿದ ಮೇಲೆ ಪ್ರತಿ ಸಲ ನನ್ನ ಮುಖ ನೋಡಿ, "ಹೌದಿಲ್ಲೋ? ಸರಿ ಹೇಳಿದ್ನೇನು?" ಎಂದು ಕೇಳುತ್ತಿದ್ದಳು. ನನಗೆ ಆ ಹೊಲಗಳು ಯಾರವೋ ಗೊತ್ತಿರಲಿಲ್ಲ. ಹೌದು ಹೌದು ಅನ್ನುತ್ತ ಗಾಡಿ ಓಡಿಸಿದೆ.

ಹುಸೇನ್‌ಸಾಬನ ಮನೆಯಲ್ಲಿ ಅವನಿನ್ನೂ ಬಂದಿರಲಿಲ್ಲ. ಹೆಂಡತಿ ಮೆಹನಾಜ್ ಬಾಗಿಲಿಗೆ ಬಂದಳು. ಕಂಕುಳಲ್ಲಿ ಐದಾರು ತಿಂಗಳ ಕೂಸು, ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಬೇಡದ ಭಾರ ಬಂತೆಂದು ಮುಖ ಗಂಟಿಕ್ಕುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ.

"ಬಂದ್ಯಾ ಫುಫು? ನನ್ನ ದುವಾ ಕೇಳಿದಂಗಾತು ನೋಡು. ಒಬ್ಬಾಕಿ ಸತ್ತು ಹೋಗಾಕತ್ತೀನಿ," ಅನ್ನುತ್ತ ಕೂಸನ್ನು ನೆಟ್ಟಗೆ ಗಂಡನ ಸೋದರತ್ತೆಯ ಮಡಿಲಿಗೆ ಹಾಕಿದಳು. "ನಾಳಿಂದ ನಾ ಕೂಲಿಗೆ ಹೋಗ್ತೀನಿ, ನೀ ಇದನ್ನ ನೋಡ್ಕೊಂಡಿರು."

ಲಾಲ್‌ಬೀ ಕೂಸನ್ನು ಎದೆಗವಚಿ ಮೂಸಿದಳು. ಕೂಸು ಆಕೆಯ ಮೂಗು ಹಿಡಿಯಿತು. ನೆಲ ಹಾಳಾದ ದಿನದಿಂದ ಆ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿರಲಿಲ್ಲ. ಇಷ್ಟೇ ತಾನೇ, ಎಲ್ಲ ಸರಿಯಾಯಿತು, ಅಲ್ಲಿಗಿಂತ ಇಲ್ಲೇ ಆಕೆಗೆ ಚೆನ್ನ ಎಂದು ನನ್ನೊಳಗೆ ನಾನೇ ಹೇಳಿಕೊಂಡು ಟ್ರಂಕು ಇಳಿಸಿದೆ.

ಟ್ರಂಕು ಒಳಗಿಟ್ಟು ಬರುವಷ್ಟರಲ್ಲಿ ಲಾಲ್‌ಬೀ ಕೂಸನ್ನು ಮೆಹನಾಜಳ ಕಡೆ ಚಾಚಿ ಹಿಡಿದಿದ್ದಳು.

"ತಗೋ ಬೇಟಿ. ನನ್ನ ಕೈಯಾಗ ಕೊಡಬ್ಯಾಡ. ನನ್ನ ತಲಿ ನೆಟ್ಟಗಿಲ್ಲ. ಹೇಳಿದ್ದು ಮರತು ಅಷ್ಟು ದೊಡ್ಡ ನೆಲ ಹಾಳು ಮಾಡಿ ಬಂದೀನಿ. ಕೂಸನ್ನ ಎಲ್ಲಿ ಇಟ್ಟೆ ಅಂತ ಮರತ್ರ ಏನ್ ಮಾಡ್ಲಿ? ಒಲಿ ಹತ್ರಾನೂ ನನ್ನ ಬಿಡಬ್ಯಾಡ."

ಮೆಹನಾಜ್ ನಂಬಲಿಲ್ಲ. ಮುದುಕಿ ನೊಂದು ಮಾತಾಡುತ್ತಿದ್ದಾಳೆ ಅಂದುಕೊಂಡಳು. ಕೂಸನ್ನು ತೆಗೆದುಕೊಳ್ಳದೆ ನನ್ನ ಕಡೆ ತಿರುಗಿದಳು.

"ಖರೇ ಏನು ಭಾಯ್? ಫುಫುಗೆ ಅಷ್ಟು ಮರವು ಬಂದೈತಾ?"

ಆ ಮನೆಯಲ್ಲಿ ಹುಲಿಗೇಶ ಇರಲಿಲ್ಲ. ಡಾಕ್ಟರೂ ಇರಲಿಲ್ಲ. ನನ್ನ ಕೆಲಸ ನನಗೆ ಸಿಕ್ಕಾಗಿತ್ತು. ನಿಜ ಹೇಳಿದರೆ ನನಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ, ಆ ಇಬ್ಬರು ಹೆಂಗಸರ ಎದುರಿಗೆ ನನ್ನ ಮರ್ಯಾದೆ ಒಂದನ್ನು ಬಿಟ್ಟು.

"ಖರೇ," ಅಂದೆ. "ಎರಡು ಸಲ ಹೇಳಿದ್ದೆ."

ಮೆಹನಾಜ್ ಕೂಸನ್ನು ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಲಾಲ್‌ಬೀ ನನ್ನ ಕಡೆ ನೋಡಿ ತಲೆಯಾಡಿಸಿದಳು.

"ಚಲೋ ಮಾಡಿದಿ ಬೇಟಾ," ಅಂದಳು. "ಇದ್ದದ್ದು ಇದ್ದಂಗ ಹೇಳಿದಿ. ಇಲ್ಲಂದ್ರ ಈಕಿ ನನ್ನ ಮಾತು ನಂಬ್ತಿದ್ದಿಲ್ಲ."

ಹಾಗೆಂದು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಗೋಡೆಗೆ ಆತು ಕೂತಳು.